ಕರ್ಚೀಫ್ ಹಾಕಿದ ಸೀಟು

"ಇನ್ನೂ ಆಗಿಲ್ಲ," ಎಂದಳು ಕತ್ತರಿ.

ಯಾರೂ ತಲೆ ಎತ್ತಲಿಲ್ಲ. ಮಾವ ಬ್ರೆಡ್ಡಿನ ಅಂಚು ಕಿತ್ತು ಟೀಗೆ ಅದ್ದುತ್ತಿದ್ದರು. ಗಂಡ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಸಾಕ್ಸ್ ಏರಿಸುತ್ತಿದ್ದ. ಅತ್ತೆ ಮೊಟ್ಟೆ ಸುಲಿಯುತ್ತಿದ್ದರು.

"ಏನಾಗಿಲ್ಲ?" ಎಂದರು ಅತ್ತೆ.

"ಬ್ಯಾಕಪ್ಪು."

"ನಿನ್ನೆಯೂ ಆಗಿಲ್ಲ ಅಂದೆ."

"ನಿನ್ನೆಯೂ ಆಗಿರಲಿಲ್ಲ."

"ಮತ್ತೆ ಹೊಸ ಸುದ್ದಿ ಏನು? ಮೊಟ್ಟೆ ತಿನ್ನು."

ಕತ್ತರಿ ಎಂದು ಹೆಸರಿಟ್ಟವರು ಮಾವ. ಸೊಸೆ ಮನೆಗೆ ಬಂದ ಮೊದಲ ವಾರವೇ ಇಟ್ಟರು. ಅರ್ಧ ಅವಳ ಕೆಲಸಕ್ಕೆ, ಅರ್ಧ ಅವಳ ನಾಲಿಗೆಗೆ. ಅಂಗಡಿಯ ಸಿದ್ಧ ಉಡುಪು ಹಿಡಿಸದ ಮೈಗಳಿಗೆ ಬಟ್ಟೆಯ ಕಟಿಂಗ್ ನಕ್ಷೆ ಬರೆದುಕೊಡುವುದು ಅವಳ ಕಸುಬು. ಒಂದು ಭುಜ ಇಳಿಬಿದ್ದವರು, ಕೈ ಮೊಣಕೈಗೇ ಮುಗಿದವರು, ದಿನವಿಡೀ ಗಾಲಿಕುರ್ಚಿಯಲ್ಲಿ ಕೂರುವವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳು ಅವರನ್ನು ತುಂಡು ತುಂಡಾಗಿ ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ಬರೆದು, ದೊಡ್ಡ ಕಾಗದದಲ್ಲಿ ಅಚ್ಚು ತೆಗೆದು ದರ್ಜಿಗಳಿಗೆ ಕೊಡುತ್ತಿದ್ದಳು. ನಾಲ್ಕು ವರ್ಷದಲ್ಲಿ ಇನ್ನೂರ ಮೂವತ್ತು ಜನರ ಅಳತೆ ಆ ಕಂಪ್ಯೂಟರಿನಲ್ಲಿ ಸೇರಿತ್ತು. ಆ ಕಂಪ್ಯೂಟರು ಈಚೆಗೆ, ಒಳಗೆ ಯಾರೋ ಕೂತು ಉಗುರು ಕಡಿಯುತ್ತಿರುವ ಹಾಗೆ ಸದ್ದು ಮಾಡತೊಡಗಿತ್ತು.

ಅದೇನಾದರೂ ಕೆಟ್ಟರೆ ಇರಲಿ ಎಂದೇ ಮನೆಯಲ್ಲಿ ಒಂದು ಡಬ್ಬಿ ಇತ್ತು. ಸ್ಟೋರ್ ರೂಮಿನ ನಡುವಿನ ಶೆಲ್ಫಿನಲ್ಲಿ, ಹಿಟ್ಟು ಬೇಳೆಗಳ ಡಬ್ಬಿಗಳ ಮಧ್ಯೆ, ಶೂ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ. ಮನೆಯ ಎಲ್ಲರ ಫೋನು, ಕಂಪ್ಯೂಟರುಗಳಲ್ಲಿ ಇರುವುದೆಲ್ಲ ವೈಫೈ ಮೂಲಕ ಹೋಗಿ ಅದರಲ್ಲಿ ಇನ್ನೊಂದು ಪ್ರತಿಯಾಗಿ ಕೂರಬೇಕು. ಮದುವೆಗಳ ವಿಡಿಯೋ ತೆಗೆಯುವ ಗಂಡ, ತನ್ನ ಮದುವೆಯಾದ ತಿಂಗಳಿಗೇ ಅದನ್ನು ತಂದು ಜೋಡಿಸಿದ್ದ. ದಿನಾ ಮಧ್ಯಾಹ್ನ ಎರಡಕ್ಕೆ ಅವಳ ಕಂಪ್ಯೂಟರು ಡಬ್ಬಿಯ ಬಾಗಿಲು ತಟ್ಟುತ್ತಿತ್ತು. ಸದ್ದು ಶುರುವಾದ ದಿನ ಅವಳು ಮೊದಲ ಬಾರಿ ಗಮನವಿಟ್ಟು ಓದಿದಳು: 'ಬ್ಯಾಕಪ್ ಆಗಲಿಲ್ಲ. ಜಾಗ ಸಾಲದು.' ಅದರ ಕೆಳಗೆ ಸಣ್ಣಕ್ಷರದಲ್ಲಿ: 'ಕೊನೆಯ ಬ್ಯಾಕಪ್, ಎರಡು ವರ್ಷ ಒಂದು ತಿಂಗಳ ಹಿಂದೆ.'

ಡಬ್ಬಿಯ ಮುಖದಲ್ಲಿ ನಾಲ್ಕು ದೀಪ. ತುಂಬಿದಷ್ಟೂ ಉರಿಯುತ್ತವೆ. ಎರಡೇ ಉರಿಯುತ್ತಿದ್ದವು. ಅರ್ಧ ಖಾಲಿ ಇಟ್ಟುಕೊಂಡು ಜಾಗ ಇಲ್ಲ ಎನ್ನುವ ಡಬ್ಬಿಯನ್ನು ಅವಳು ಬೇರೆ ಕಂಡಿರಲಿಲ್ಲ.

"ಆಫ್ ಮಾಡಿ ಆನ್ ಮಾಡು," ಎಂದ ಗಂಡ.

"ಮಾಡಿದೆ."

"ವೈರು ನೋಡು."

"ಹೊಸದು ಹಾಕಿದೆ."

"ಹಾಗಾದ್ರೆ ಭಾನುವಾರ ನಾನೇ ನೋಡ್ತೀನಿ."

ಭಾನುವಾರ ಅವನಿಗೆ ಒಂದು ಮದುವೆ ಇತ್ತು. ಅದರ ಮುಂದಿನ ಭಾನುವಾರ ಎರಡು.

ಅವಳೇ ಸ್ಟೋರ್ ರೂಮಿಗೆ ನುಗ್ಗಿದಳು. ಹಿಟ್ಟಿನ ಧೂಳು ಬೀಳಬಾರದೆಂದು ಅತ್ತೆ ಡಬ್ಬಿಗೆ ದಪ್ಪ ಟವೆಲ್ ಹೊದಿಸಿದ್ದರು. ಒಳಗೆ ಕೈಯಿಟ್ಟರೆ ಆಗತಾನೇ ಇಳಿಸಿದ ಕುಕ್ಕರಿನಷ್ಟು ಬಿಸಿ.

"ಅತ್ತೆ, ಇದಕ್ಕೆ ಜ್ವರ ಬಂದಿದೆಯಾ, ಹೊದಿಸಿದ್ದೀರಲ್ಲ?"

"ನನ್ನ ಸ್ಟೋರ್ ರೂಮಲ್ಲಿ ಇರೋದು ನನ್ನ ಮಾತು ಕೇಳ್ಬೇಕು. ಧೂಳು ಹೊಕ್ಕು ಕೆಟ್ರೆ ಆಮೇಲೆ ನನ್ನನ್ನೇ ಅನ್ನೋದು."

"ಗಾಳಿ ಬೇಕು ಅದಕ್ಕೆ."

"ನನಗೂ ಬೇಕು. ನಲವತ್ತು ವರ್ಷದಿಂದ ಈ ಕೋಣೆಗೆ ಕಿಟಕಿ ಕೇಳ್ತಾ ಇದ್ದೀನಿ. ಯಾರು ಇಟ್ಟರು?"

ಟವೆಲ್ ತೆಗೆದಾಯಿತು. ಎರಡು ಗಂಟೆಗೆ ಅದೇ ಮಾತು: ಜಾಗ ಸಾಲದು. ಡಬ್ಬಿಯ ಗಡಿಯಾರ ಒಂದು ದಿನ ಹಿಂದಿತ್ತು, ಸರಿಮಾಡಿದಳು. ಜಾಗ ಸಾಲದು. ಕಂಪ್ಯೂಟರಿನಲ್ಲಿದ್ದ ಹಳೆಯ ಹಾಡುಗಳನ್ನೆಲ್ಲ ಅಳಿಸಿದಳು. ಜಾಗ ಸಾಲದು.

ಆ ವಾರವೇ ಅವಳು ಗಡಿಯಾರ ರಿಪೇರಿ ಮಾಡುವ ಹೆಂಗಸನ್ನು ಅಳೆದಳು. ಮುಖ್ಯರಸ್ತೆಯ ತಿರುವಿನಲ್ಲಿ, ಬಾಗಿಲಿನಷ್ಟೇ ಅಗಲವಾದ ಅಂಗಡಿ ಅವರದು. ಬೆನ್ನು ಎರಡು ಕಡೆ ತಿರುಚಿದೆ, ಕಾಲಿಗೆ ಬಲವಿಲ್ಲ, ಗಾಲಿಕುರ್ಚಿ. ಚಳಿಗಾಲಕ್ಕೆ ಒಂದು ಕೋಟು ಬೇಕಿತ್ತು. ಅಳೆಯಲು ಎರಡು ಗಂಟೆ ಹಿಡಿಯಿತು. ಬೆನ್ನಿನ ಅಳತೆಗೆ ಮುಂದಕ್ಕೆ ಬಾಗಿದಾಗ ಆಕೆ ಹಲ್ಲು ಕಚ್ಚಿ ಮೇಜಿನ ಅಂಚು ಹಿಡಿದರು. ಎರಡು ಸಲ ನಿಲ್ಲಿಸಿ ನೀರು ಕುಡಿದರು.

ಮನೆಗೆ ಬಂದು ನಕ್ಷೆ ಬರೆದು ಮುಗಿಸಿದ ಮೇಲೆ, ಡಬ್ಬಿಯನ್ನು ನಂಬಲಾರದೆ, ಮೇಜಿನ ಖಾನೆಯಲ್ಲಿದ್ದ ಒಂದು ಪೆನ್‌ಡ್ರೈವಿಗೆ ಪ್ರತಿ ಮಾಡಿಟ್ಟಳು. ನಾಲ್ಕನೆಯ ದಿನ ಬೆಳಿಗ್ಗೆ ಕಂಪ್ಯೂಟರು ಉಗುರು ಕಡಿಯುವುದನ್ನು ನಿಲ್ಲಿಸಿತು. ಪರದೆ ಕಪ್ಪಾಯಿತು.

ಅವಳು ಖಾನೆ ಎಳೆದಳು. ಪೆನ್‌ಡ್ರೈವ್ ಇರಲಿಲ್ಲ.

"ಅದಾ?" ಎಂದ ಗಂಡ. "ಮೊನ್ನೆ ಒಂದು ಪಾರ್ಟಿಗೆ ಮದುವೆ ವಿಡಿಯೋ ಹಾಕಿ ಕೊಟ್ಟೆ."

"ಅದರಲ್ಲಿ ನನ್ನ ಫೈಲ್ ಇತ್ತು."

"ಒಂದು ಸಣ್ಣ ಫೈಲ್ ಇತ್ತಪ್ಪ. ಯಾವುದೋ ಹಳೇದು ಅಂದ್ಕೊಂಡು ಅಳಿಸಿದೆ."

"ಯಾವುದೋ ಅಂದ್ರೆ?"

"ವಿಡಿಯೋ ಇರಲಿಲ್ಲ ಅದರಲ್ಲಿ."

ಕಂಪ್ಯೂಟರನ್ನು ಎತ್ತಿಕೊಂಡು ಅವಳು ರಿಪೇರಿಯವನ ಹತ್ತಿರ ಹೋದಳು. ಅವನು ಎರಡು ದಿನ ಇಟ್ಟುಕೊಂಡ, ಒಳಗಿನ ಡಿಸ್ಕ್ ಬದಲಾಯಿಸಿದ, ಹಳೆಯದರಿಂದ ಬಂದಷ್ಟನ್ನು ಹೊಸದಕ್ಕೆ ತುಂಬಿದ.

"ಹಳೇದೆಲ್ಲ ಬಂತಮ್ಮ. ಕೊನೇ ಮೂರು ವಾರದ್ದು ಬರಲಿಲ್ಲ. ಆ ಭಾಗ ಪೂರ್ತಿ ಸತ್ತಿದೆ. ಮನೇಲಿ ಬ್ಯಾಕಪ್ ಡಬ್ಬಿ ಇದೆ ಅಂದ್ರಲ್ಲ, ಅದರಲ್ಲಿ ಇಲ್ವಾ?"

"ಡಬ್ಬಿ ಜಾಗ ಇಲ್ಲ ಅನ್ನುತ್ತೆ. ಅರ್ಧ ಖಾಲಿ ಇದೆ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ನೀವು ಅದರೊಳಗೆ ಯಾವ ಹೆಸರಲ್ಲಿ ಹೋಗ್ತೀರಿ?"

"ಹೆಸರು ಯಾವುದೂ ಇಲ್ಲ. ಅದರ ಚಿತ್ರ ಒತ್ತುತ್ತೀನಿ, ಅದೇ ಹೋಗುತ್ತೆ."

"ಹೆಸರಿಲ್ಲದೆ ಯಾರೂ ಒಳಗೆ ಹೋಗಲ್ಲ." ಅವನು ಅಲ್ಲಿ ಇಲ್ಲಿ ಒತ್ತಿ ಪರದೆಯನ್ನು ಅವಳ ಕಡೆ ತಿರುಗಿಸಿದ. ಬಳಕೆದಾರ ಎಂಬಲ್ಲಿ ಮೂರು ಅಕ್ಷರ ಇದ್ದವು: ಅತಿಥಿ.

"ಡಬ್ಬಿ ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಟ್ಟಿರುತ್ತೆ," ಎಂದ ಅವನು. "ಬಂದು ಹೋಗೋರಿಗೆ ಅಂತ ಚೂರು ಜಾಗ. ನಿಮ್ಮ ಚೂರು ಎರಡು ವರ್ಷದ ಹಿಂದೇನೇ ತುಂಬಿದೆ. ಉಳಿದೋರ ಪಾಲು ಖಾಲಿ ಬಿದ್ದಿದ್ರೂ ನಿಮಗೆ ಸಿಗಲ್ಲ. ಯಜಮಾನರ ಪಾಸ್‌ವರ್ಡ್ ಹಾಕಿ ಒಳಗೆ ಹೋದ್ರೆ ಬದಲಾಯಿಸಬಹುದು." ಸ್ಕ್ರೂಡ್ರೈವರ್ ಮತ್ತೆ ಕೈಗೆತ್ತಿಕೊಂಡು ಕೇಳಿದ, "ಯಾರ ಮನೇದು ಆ ಡಬ್ಬಿ?"

"ನಮ್ಮ ಮನೇದೇ," ಎಂದಳು ಕತ್ತರಿ.

ದಾರಿಯಲ್ಲಿ ಗಡಿಯಾರದ ಅಂಗಡಿ ಸಿಕ್ಕಿತು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ನಿಮ್ಮ ಅಳತೆ ಕಳೆದುಹೋಯ್ತು. ಮತ್ತೆ ಅಳೀಬೇಕು."

ಆಕೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದರು. "ಕಳ್ಕೊಂಡೋಳು ನೀನು. ನೋವು ನನಗೆ."

"ಹೌದು."

"ಎಲ್ಲಿಟ್ಟಿದ್ದೆ?"

"ಕಂಪ್ಯೂಟರ್ ಕೆಟ್ಟಿತು. ಮನೇಲಿ ಇನ್ನೊಂದು ಕಡೆ ಪ್ರತಿ ಇರಬೇಕಿತ್ತು. ಅಲ್ಲಿ ನನಗೆ ಜಾಗ ಇರಲಿಲ್ಲ."

"ಹಾಗಾದ್ರೆ ಇವತ್ತು ಅಳೆದ್ರೆ ಎಲ್ಲಿಡ್ತೀಯ?"

ಕತ್ತರಿ ಕೈಚೀಲದಿಂದ ಅರ್ಧ ಎಳೆದಿದ್ದ ಟೇಪನ್ನು ಮತ್ತೆ ಒಳಗೆ ತುರುಕಿದಳು.

"ಜಾಗ ಆದಮೇಲೆ ಬಾ," ಎಂದರು ಆಕೆ, ಮಸೂರ ಮತ್ತೆ ಸಿಕ್ಕಿಸುತ್ತ. "ಅಲ್ಲಿತನಕ ಟೇಪು ತರಬೇಡ. ಚಳಿ ಶುರುವಾಗೋಕೆ ಇನ್ನು ಮೂರು ವಾರ ಇದೆ, ಅದೂ ನೆನಪಿರಲಿ."

ಆ ಸಂಜೆ ಎಲ್ಲರೂ ಬೇಗ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಕತ್ತರಿ ಎಲ್ಲರಿಗೂ ಬಡಿಸಿ, ತನಗೂ ಹಾಕಿಕೊಂಡು ಕೂತ ಮೇಲೆ ಕೇಳಿದಳು.

"ಡಬ್ಬಿಯಲ್ಲಿ ನನ್ನನ್ನ ಏನಂತ ಬರೆದಿದ್ದೀಯ?"

"ಏನಂತ?" ಎಂದ ಗಂಡ.

"ಅತಿಥಿ ಅಂತ."

ಅವನು ನಕ್ಕ. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದ. "ಆಗ ನೀನು ಬಂದು ಒಂದು ತಿಂಗಳಾಗಿತ್ತು. ಅತಿಥಿ ಅನ್ನೋ ಹೆಸರು ಡಬ್ಬಿಯಲ್ಲಿ ಮೊದಲೇ ಇತ್ತು, ಸುಲಭ ಆಯ್ತು ಅಂತ ಅದರಲ್ಲೇ ಸೇರಿಸಿದೆ. ಆಮೇಲೆ ಬದಲಾಯಿಸೋಣ ಅಂತಿದ್ದೆ."

"ಆರು ವರ್ಷ ಆಯ್ತು."

"ಮರೆತೆ. ಬೇಕು ಅಂತ ಮಾಡಿದ್ನಾ?"

"ಬೇಕು ಅಂತ ಮಾಡಿದ್ರೆ ನೆನಪಾದ್ರೂ ಇರ್ತಿತ್ತು. ಉಳಿದೋರಿಗೆ ಹೇಗೆ ಹಂಚಿದೆ?"

"ಅರ್ಧ ನಂದು. ವಿಡಿಯೋ ಅಲ್ವಾ, ಜಾಗ ತಿನ್ನುತ್ತೆ. ಉಳಿದದ್ದರಲ್ಲಿ ಅಪ್ಪಂದು, ಅಮ್ಮಂದು ಸಮ ಸಮ."

"ಮಾವ, ನಿಮ್ಮ ಪಾಲಿನಲ್ಲಿ ಏನಿದೆ?"

"ಫೋಟೋ ಇದೆ," ಎಂದರು ಮಾವ ಗಂಭೀರವಾಗಿ.

"ಎಷ್ಟು?"

"ಒಂದು."

ಆ ಫೋಟೋ ಮನೆಗೆಲ್ಲ ಗೊತ್ತಿದ್ದದ್ದೇ. ಮಾವ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ದಿನ ಬಸ್ಸಿನ ಫುಟ್‌ಬೋರ್ಡಿನ ಮೇಲೆ, ತೊಗಲಿನ ಚೀಲ ನೇತುಹಾಕಿಕೊಂಡು ತೆಗೆಸಿಕೊಂಡದ್ದು.

"ನನ್ನಲ್ಲಿ ಬೇಕಾದಷ್ಟಿದೆ," ಎಂದರು ಅತ್ತೆ, ಯಾರೂ ಕೇಳದಿದ್ದರೂ. "ದಿನಾ ಬೆಳಿಗ್ಗೆ ಎಲ್ಲರೂ ಕಳಿಸೋ ಹೂವಿನ ಚಿತ್ರ ಎಲ್ಲ ಅಲ್ಲಿಗೇ ಹೋಗುತ್ತಂತೆ. ಬೇಕಿದ್ರೆ ನನ್ನ ಪಾಲು ತಗೋ. ಹೂವು ನನಗೇನೂ ಬೇಡ."

"ನಿಮ್ಮ ಪಾಲು ನನಗ್ಯಾಕೆ ಅತ್ತೆ? ನನ್ನದು ನನಗೆ ಬೇಕು."

"ಬೇರೆ ಡಿಸ್ಕ್ ತಂದುಕೊಡ್ತೀನಿ ಬಿಡು," ಎಂದ ಗಂಡ. "ನಿನಗೇ ಅಂತ ಒಂದು."

"ಬೇರೆ ಒಲೆ ಹೂಡ್ತೀನಿ ಅಂತ ನಾನು ಕೇಳಲಿಲ್ಲ. ಡಬ್ಬಿ ಮನೇದು. ಮನೇಲಿ ನಾನೂ ಇದ್ದೀನಿ. ಯಜಮಾನನ ಪಾಸ್‌ವರ್ಡ್ ಕೊಡು."

ಅವನು ಆಲೂಗಡ್ಡೆಯನ್ನು ತಟ್ಟೆಯಲ್ಲಿ ಆಚೆಯಿಂದ ಈಚೆಗೆ ಉರುಳಿಸಿದ. "ನನಗೆ ನೆನಪಿಲ್ಲ. ಚೀಟಿ ಬರೆದು ಅಪ್ಪನ ಕೈಲಿ ಕೊಟ್ಟಿದ್ದೆ."

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಗೋಡೆಯ ಮೊಳೆಗೆ ನೇತಾಡುತ್ತಿದ್ದ ತೊಗಲಿನ ಚೀಲದ ಕಡೆ ನೋಡಿದರು.

"ಇದೆ," ಎಂದರು. "ಕೊಡಲ್ಲ."

"ಯಾಕೆ ಮಾವ?"

"ನೀನು ಕೈಯಾಡಿಸಿದ್ರೆ ಮೊದಲು ಹೋಗೋದು ನನ್ನ ಪಾಲು. ಇಪ್ಪತ್ತೊಂಬತ್ತು ವರ್ಷ ನಿಂತ್ಕೊಂಡೇ ಕೆಲಸ ಮಾಡಿದೋನು ನಾನು. ಬಸ್ಸಿನ ತುಂಬ ಜನ ಕೂತಿರೋರು, ನಾನೊಬ್ಬ ನಿಂತಿರೋನು. ಮಗ ಏನೋ ಒಂದು ಕಡೆ ಕೂರೋಕೆ ಜಾಗ ಮಾಡಿದ್ದಾನೆ. ಖಾಲಿ ಇದ್ರೆ ಇರಲಿ. ನನ್ನ ಸೀಟು ನನ್ನದು."

"ಸರಿ," ಎಂದಳು ಕತ್ತರಿ. ಊಟ ಮುಗಿಸಿದಳು. ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. "ಊಟ ತುಂಬ ಚೆನ್ನಾಗಿತ್ತು. ಕೈ ತೊಳೆಯೋದು ಎಲ್ಲಿ?"

ಅದನ್ನು ಜೋಕು ಎಂದುಕೊಂಡರು ಎಲ್ಲರೂ.

ಮರುದಿನ ಬೆಳಿಗ್ಗೆ ಅವಳು ಅಡಿಗೆಮನೆಗೆ ಕಾಲಿಡಲಿಲ್ಲ. ಹಾಲ್‌ನಲ್ಲಿ ಕುರ್ಚಿಯ ತುದಿಯಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಅತ್ತೆ ಒಳಗಿನಿಂದ ಎರಡು ಸಲ ಕರೆದು, ಮೂರನೆಯ ಸಲ ಸೌಟು ಹಿಡಿದೇ ಹೊರಗೆ ಬಂದರು.

"ಏನು ಕೂತಿದ್ದೀಯ?"

"ಒಂದು ಲೋಟ ನೀರು ಸಿಗುತ್ತಾ? ನಿಮಗೆ ತೊಂದರೆ ಆಗದಿದ್ರೆ."

"ತಲೆ ನೆಟ್ಟಗಿದೆಯಾ ನಿಂದು?"

"ಅತಿಥಿ ಅಂತ ನಿಮ್ಮ ಮನೆಯೋರೇ ಬರೆದಿಟ್ಟಿದ್ದಾರೆ. ಅತಿಥಿ ಪಾತ್ರೆ ತೊಳೆಯೋದು ಚೆನ್ನಾಗಿರಲ್ಲ ಅತ್ತೆ. ನಿಮಗೇ ಅವಮಾನ."

ಎರಡನೆಯ ದಿನ ಸಿಂಕ್ ತುಂಬಿತು. ಮೂರನೆಯ ದಿನ ಗಂಡ ಒದ್ದೆ ಅಂಗಿ ತೊಟ್ಟು ಮದುವೆಗೆ ಹೋದ. ಒಗೆದದ್ದನ್ನು ಹರವಿದವರು ಇರಲಿಲ್ಲ. ಕತ್ತರಿ ತನ್ನ ಕೆಲಸ ಬಿಡಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನಕ್ಷೆ ಬರೆದಳು, ಊಟದ ಹೊತ್ತಿಗೆ ಬಂದು ಕೂತಳು, ಬಡಿಸಿದ್ದನ್ನು ಹೊಗಳಿ ತಿಂದಳು. ಎರಡು ಗಂಟೆಗೆ ಕಂಪ್ಯೂಟರು ಜಾಗ ಸಾಲದು ಎಂದಾಗ ಅದನ್ನು ಮನೆಗೆಲ್ಲ ಕೇಳುವಂತೆ ಓದಿದಳು.

"ನಾಟಕ ಸಾಕು," ಎಂದ ಗಂಡ.

"ಬಂದವರ ಹತ್ರ ಹೀಗಾ ಮಾತಾಡೋದು?"

ನಾಲ್ಕನೆಯ ದಿನ ಅತ್ತೆಗೆ ಸೊಂಟ ಹಿಡಿಯಿತು. ಅವರ ಸಿಟ್ಟು ಸೊಸೆಯ ಮೇಲೆ ಹೊರಟಿತ್ತು. ನಡುದಾರಿಯಲ್ಲಿ ತಿರುಗಿ ಮಗನಿಗೆ ತಗುಲಿತು. "ಆರು ವರ್ಷ ನಿನ್ನ ಚಡ್ಡಿ ಒಗೆದೋಳನ್ನ ಅತಿಥಿ ಅಂತ ಬರೀತೀಯಾ? ಬಾ ಇಲ್ಲಿ, ಪಾತ್ರೆ ತಿಕ್ಕು." ಆಮೇಲೆ ಆಲೂಗಡ್ಡೆಯ ಬುಟ್ಟಿ, ಚಾಕು ತಂದು ಮಾವನ ಮುಂದೆ ಕುಕ್ಕಿದರು. "ನೀವು ಇದನ್ನ ಸುಲಿಯಿರಿ. ಸೀಟಲ್ಲಿ ಕೂತೇ ಸುಲಿಯಬಹುದು."

ಮಾವ ಸುಲಿಯುತ್ತಿದ್ದರು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು. ಕತ್ತರಿ ಎದುರಿನ ಕುರ್ಚಿಯಲ್ಲಿ ಕೂತು ನೋಡಿದಳು.

"ಮಾವ, ಒಂದು ಕೇಳಲಾ?"

"ಅತಿಥಿ ಏನು ಬೇಕಾದ್ರೂ ಕೇಳಬಹುದು."

"ನಿಮ್ಮ ಬಸ್ಸಲ್ಲಿ ಸೀಟಿನ ಮೇಲೆ ಕರ್ಚೀಫ್ ಹಾಕಿ ಹೋಗೋರು ಇದ್ರಾ?"

"ಇರದೇ ಏನು. ಕಿಟಕಿಯಿಂದ ಕೈ ತೂರಿಸಿ ಕರ್ಚೀಫ್ ಎಸೆಯೋದು, ತಾವು ಕೆಳಗೆ ನಿಂತು ಹರಟೆ ಹೊಡೆಯೋದು. ಬಸ್ ಹೊರಟ್ರೂ ಹತ್ತಲ್ಲ ಕೆಲವರು, ಹಿಂದಿನ ಬಸ್ಸಿಗೆ ಹೋಗಿರ್ತಾರೆ."

"ಅಷ್ಟೊತ್ತಿಗೆ ಸಾಮಾನು ಹೊತ್ತುಕೊಂಡು ಒಬ್ಬಳು ನಿಂತಿದ್ರೆ?"

"ಏನು ಮಾಡ್ತೀನಿ, ಕರ್ಚೀಫ್ ಎತ್ತಿ ಕಿಟಕಿಯಿಂದ ಆಚೆ ಎಸೆದು, ಕೂತ್ಕೋ ತಾಯಿ ಅಂತೀನಿ. ಎಂಥ ದೊಡ್ಡ ಮನುಷ್ಯನ ಕರ್ಚೀಫೇ ಆಗಲಿ. ಒಂದು ಸಲ ನಮ್ಮ ಡಿಪೋ ಸಾಹೇಬನದ್ದೇ—"

ಚಾಕು ನಿಂತಿತು.

ಅಡಿಗೆಮನೆಯಲ್ಲಿ ಗಂಡ ಒಂದು ಪಾತ್ರೆ ಬೀಳಿಸಿದ.

"ಫೋಟೋ ಒಂದೇ ಅಲ್ವಾ ಮಾವ," ಎಂದಳು ಕತ್ತರಿ.

ಮಾವ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡರು. ಅವಳನ್ನು ನೋಡಲಿಲ್ಲ. "ಫೋಟೋಗೆ ಜಾಗ ಇರಬೇಕು."

"ನೂರು ಫೋಟೋಗೆ ಬಿಟ್ಟಿರ್ತೀನಿ."

"ನಾನಂತೂ ಎದ್ದು ಕೊಡಲ್ಲ. ಅಂದ ಮಾತು ಅಂದದ್ದೇ. ಚೀಲದ ಮೊಳೆ ಎಲ್ಲಿದೆ ಅಂತ ನಿನಗೆ ಗೊತ್ತು."

ಅವಳು ಎದ್ದಳು, ಚೀಲ ಇಳಿಸಿದಳು. ಒಳಗೆ ಟಿಕೆಟ್ ತೂತು ಹೊಡೆಯುವ ಯಂತ್ರ, ಸೀಟಿ, ಸವೆದ ಎರಡು ನಾಣ್ಯ, ನಾಲ್ಕಾಗಿ ಮಡಿಸಿದ ಚೀಟಿ. ಒದ್ದೆ ಕೈ ಒರೆಸಿಕೊಳ್ಳುತ್ತ ಗಂಡ ಓಡಿ ಬಂದ.

"ಕೊಡು, ನಾನು ಮಾಡಿಕೊಡ್ತೀನಿ."

"ಬೇಡ. ನಿನ್ನ ಪಾತ್ರೆ ಮುಗೀತಾ?"

ಯಜಮಾನನ ಹೆಸರಲ್ಲಿ ಒಳಗೆ ಹೋಗಲು ಎರಡು ನಿಮಿಷ ಹಿಡಿಯಿತು. ಹೊಸ ಬಳಕೆದಾರ ಎಂಬಲ್ಲಿ ತನ್ನ ಹೆಸರು ಬರೆದಳು. ಅಪ್ಪ ಅಮ್ಮ ಇಟ್ಟದ್ದು, ಶಾಲೆಯ ಹಾಜರಿಯಲ್ಲಿ ಕೂಗುತ್ತಿದ್ದದ್ದು, ಈ ಮನೆಯಲ್ಲಿ ಯಾರೂ ಪೂರ್ತಿಯಾಗಿ ಹೇಳದೆ ಇದ್ದದ್ದು. ಯಾವ ದರ್ಜೆ ಎಂದು ಡಬ್ಬಿ ಕೇಳಿತು: ಸಾಮಾನ್ಯ, ಯಜಮಾನ. ಹಿಂದೆ ನಿಂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. ಅವಳು ಯಜಮಾನ ಎಂಬುದನ್ನು ಒತ್ತಿದಳು. ಮಾವನ ಪಾಲಿನಲ್ಲಿ ನೂರು ಫೋಟೋದಷ್ಟು ಬಿಟ್ಟು ಉಳಿದದ್ದನ್ನು ತನ್ನ ಹೆಸರಿಗೆ ಎಳೆದುಕೊಂಡಳು.

"ನನ್ನ ಭಾಗ ತುಂಬಿಹೋಗಿದೆ," ಎಂದ ಗಂಡ. "ಈ ತಿಂಗಳು ಇನ್ನೂ ಐದು ಮದುವೆ ಇದೆ. ಅಪ್ಪಂದು ನಾನೇ ತಗೊಳ್ಳೋಣ ಅಂತಿದ್ದೆ."

"ಮೊದಲ ವರ್ಷದ ಮದುವೆಗಳನ್ನ ಅಳಿಸು. ಅದರಲ್ಲಿ ಇಬ್ಬರು ಬೇರೆ ಬೇರೆ ಆಗಿ ಮೂರು ವರ್ಷ ಆಯ್ತು."

ಅತ್ತೆ ಸೊಂಟ ಹಿಡಿದುಕೊಂಡು ಪರದೆಗೆ ಬಗ್ಗಿದರು. "ನಂದು ಏನಂತ ಇದೆ?"

"ಅಮ್ಮ ಅಂತ."

"ಅಮ್ಮ ಅಂತ ಊರಿಗೆಷ್ಟು ಜನ ಇದ್ದಾರೆ. ನನ್ನ ಹೆಸರು ಹಾಕು. ದೀರ್ಘ ಬಿಡಬೇಡ."

ಮೊದಲ ಬ್ಯಾಕಪ್‌ಗೆ ಒಂಬತ್ತು ಗಂಟೆ ಬೇಕಿತ್ತು. ಮರುದಿನ ಬೆಳಿಗ್ಗೆ ಶುರುಮಾಡಿದಳು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ, ಅದೇ ವೈಫೈಯಲ್ಲಿ ಗಂಡನ ವಿಡಿಯೋ ನಿಂತು ನಿಂತು ಓಡುತ್ತಿತ್ತು.

"ಸ್ವಲ್ಪ ಹೊತ್ತು ನಿಲ್ಲಿಸು. ಇವತ್ತು ಕೊಡಲೇಬೇಕು ಇದನ್ನ."

"ನಿಲ್ಲಿಸಲ್ಲ."

"ಒಂದೇ ಗಂಟೆ."

"ಎರಡು ವರ್ಷ ಒಂದು ತಿಂಗಳು ನಾನು ಕಾದಿದ್ದೀನಿ. ಸಂಜೆ ತನಕ ನೀನು ಕಾಯಿ. ಅನ್ನ ಅಲ್ಲೇ ಇದೆ, ಹಾಕ್ಕೋ."

ಅವನು ಅಪ್ಪನ ಮುಖ ನೋಡಿದ. ಮಾವ ಬೇಳೆಯ ಪಾತ್ರೆಯನ್ನು ಅವನ ಕಡೆ ತಳ್ಳಿ, ಇದರಲ್ಲಿ ನನ್ನನ್ನು ಎಳೀಬೇಡ ಎನ್ನುವಂತೆ ತಟ್ಟೆಗೆ ಬಗ್ಗಿದರು. ಅವನು ತಾನೇ ಹಾಕಿಕೊಂಡ. ಚೆಲ್ಲಿದ್ದನ್ನು ತಾನೇ ಒರೆಸಿದ. ಸ್ಟೋರ್ ರೂಮಿನಲ್ಲಿ ಮೂರನೆಯ ದೀಪ ಮಿನುಗಲು ಶುರುವಾಗಿತ್ತು.

ಎರಡು ದಿನ ಬಿಟ್ಟು ಕತ್ತರಿ ಗಡಿಯಾರದ ಅಂಗಡಿಗೆ ಹೋದಳು. ಕೈಚೀಲ ಮುಚ್ಚಿಯೇ ಇತ್ತು. ಆಕೆ ಮಸೂರ ತೆಗೆಯದೆ, ಒಂದು ಪುಟ್ಟ ಚಕ್ರವನ್ನು ಚಿಮಟದಲ್ಲಿ ಹಿಡಿದೇ ಕೇಳಿದರು.

"ಜಾಗ ಆಯ್ತಾ?"

"ಆಯ್ತು."

"ಯಾರು ಕೊಟ್ಟರು?"

"ಯಾರೂ ಕೊಡಲಿಲ್ಲ."

ಚಕ್ರವನ್ನು ತಟ್ಟೆಯಲ್ಲಿಟ್ಟು ಆಕೆ ಮಸೂರ ತೆಗೆದರು. ಗಾಲಿಕುರ್ಚಿಯ ಬ್ರೇಕ್ ಒತ್ತಿ, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಮುಂದಕ್ಕೆ ಬಾಗಿದರು.

"ಸರಿ ಹಾಗಾದ್ರೆ. ಟೇಪು ತೆಗಿ."